ಪುಂಡಿಪಲ್ಯ ಗಿಳಿ ಹಸಿರ ಇರಂಗಿಲ್ರಿ

ಈಗಷ್ಟೇ ನಮ್ಮೂರಿನ ಹೊಸಾ ಹೊಟೇಲಿನಾಗ ಉಂಡು ಬಂದು ಕುಂತೀನಿ. ಹೆಸರು ಬ್ಯಾಡ. ಬೋರ್ಡಿನ ಮ್ಯಾಲ ‘ಅಪ್ಪಟ ಕಲಬುರಗಿ ಊಟ’ ಅಂತ ಬರದಾರ, ಗ್ವಾಡಿ ಮ್ಯಾಲ ಎತ್ತಿನ ಗಾಡಿ ಚಿತ್ರ ಬ್ಯಾರೆ. ತಾಟಿನಾಗ ಬಂದ ಪುಂಡಿಪಲ್ಯ ಮಾತ್ರ ಗಿಳಿ ಹಸಿರು!

ಪುಂಡಿ ಅಂದ್ರ ಹುಳಿ ಸೊಪ್ಪು, ಬೆಂದ ಮ್ಯಾಲ ಹಸಿರು ಉಳಿಯಂಗಿಲ್ಲ. ಎಲಿಯೊಳಗಿನ ಹುಳಿನೇ ಆ ಬಣ್ಣ ತಿಂದು ಹಾಕ್ತದ. ಕುದಿ ಬಂದು ಐದು ನಿಮಿಷಕ್ಕ ಮಾಸಲು ಆಗ್ತದ, ಆಮ್ಯಾಲ ಕಂದು ತಿರಗ್ತದ. ಹಂಗಾಗದೇ ಮಿರಮಿರ ಅನ್ನಾಕತ್ತದ ಅಂದ್ರ ಒಂದಾ ಪಾಲಕ್ ಬೆರಸ್ಯಾರ, ಇಲ್ಲಾ ಸೋಡಾ ಹಾಕ್ಯಾರ. ಸೋಡಾ ಬಿತ್ತಂದ್ರ ಬಣ್ಣ ನಿಲ್ತದ, ಹುಳಿ ಸಾಯ್ತದ, ಎಲಿ ಲೋಳಿ ಆಗ್ತದ, ನಾಲಿಗಿ ಮ್ಯಾಲ ಸಬಕಾರದ ವಗರು. ಸತ್ತ ಹುಳಿ ಎಬ್ಬಿಸಲಿಕ್ಕ ಮತ್ತ ಟಮಾಟಿ. ಟಮಾಟಿ ಹುಳಿ ಹೆಚ್ಚಾತು ಅಂತ ಸಕ್ಕರಿ. ಒಂದು ತಪ್ಪು ಮುಚ್ಚಲಿಕ್ಕ ಎರಡು ತಪ್ಪು, ಮ್ಯಾಲ ಬೆಣ್ಣಿ ಉಂಡಿ!

ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ಯಾಟಿ ಹಿಂದಿನ ಓಣಿಯೊಳಗಿದ್ದ ಖಾನಾವಳಿ ಹಳೇ ಮಂದಿಗಿ ನೆನಪಿರಬೇಕು. ನಾಕು ಬಾಕು, ಒಂದು ನೀರಿನ ಹಂಡೆ, ಗ್ವಾಡಿಗಿ ಏನೂ ಚಿತ್ರ ಇಲ್ಲ. ಅಲ್ಲಿ ಅವ್ವಾರು ಪಲ್ಯ ಮಾಡೂ ರೀತಿ ಇಂಥಾದ್ದು. ನಾಕು ಮಂದಿಗಿ ಎರಡು ಕಟ್ಟು ಕೆಂಪು ದಂಟಿನ ಪುಂಡಿ. ದಂಟು ಪೂರ್ತಿ ಬಿಡಿಸಿ ಎಲಿ ಅಷ್ಟೇ. ಮೂರು ನೀರಿನಾಗ ತೊಳೀಬೇಕು, ಇಲ್ಲಂದ್ರ ಹಲ್ಲಿಗಿ ಉಸುಕು. ಅರ್ಧ ಬಟ್ಟಲು ತೊಗರಿಬ್ಯಾಳಿ, ಎರಡು ಚಮಚ ನೆನೆಸಿದ ಜೋಳದ ನುಚ್ಚು, ಎಂಟ್ಹತ್ತು ಹಸಿ ಮೆಣಸಿನಕಾಯಿ, ಒಂದು ಇಡೀ ಗಡ್ಡಿ ಬಳ್ಳೊಳ್ಳಿ.

ಎಲ್ಲರೂ ಎಡವೂದು ಇಲ್ಲೇ: ಬ್ಯಾಳಿ ಮತ್ತ ಪುಂಡಿ ಒಂದೇ ಕುಕ್ಕರಿಗಿ ಸುರೀತಾರ. ಹುಳಿಯೊಳಗ ಬ್ಯಾಳಿ ಬೇಯಂಗಿಲ್ರಿ. ಆರು ಸೀಟಿ ಹೊಡಸಿದ್ರೂ ನಡುವ ಗಟ್ಟಿ ಕಾಳು ಉಳೀತದ. ಬ್ಯಾಳಿ, ನುಚ್ಚು ಬ್ಯಾರೆ ಇಟ್ಟು ಮೆತ್ತಗ ಕುದಿಸಬೇಕು. ಪುಂಡಿ, ಮೆಣಸಿನಕಾಯಿ ಇನ್ನೊಂದು ಗಡಗ್ಯಾಗ. ಮಣ್ಣಿಂದು ಇಲ್ಲಂದ್ರ ಸ್ಟೀಲು ನಡೀತದ, ಜರ್ಮನ್ (ಅಲ್ಯುಮಿನಿಯಂ) ಪಾತ್ರಿ ಮಾತ್ರ ಬ್ಯಾಡ, ಹುಳಿ ಅದನ್ನ ಕೆರೀತದ. ಎರಡೂ ಬೆಂದ ಮ್ಯಾಲ ಕೂಡಿಸಿ, ಉಪ್ಪು ಹಾಕಿ, ಕಟಗಿ ಕಡಗೋಲಿನಿಂದ ಮಸೀಬೇಕು. ಮಿಕ್ಸಿಗಿ ಹಾಕಿದ್ರ ಚಟ್ನಿ ಆಗ್ತದ, ಪಲ್ಯ ಆಗಂಗಿಲ್ಲ. ಕಡೀಕ ಕುಸುಬಿ ಎಣ್ಣಿ ಕಾಸಿ, ಬಳ್ಳೊಳ್ಳಿ ಜಜ್ಜಿ, ಕೆಂಪಗಾಗೂತನ ಹುರಿದು ಒಗ್ಗರಣಿ. ಎಣ್ಣಿ ಸಣ್ಣ ಉರಿಯಾಗ ಇರಲಿ, ಬಳ್ಳೊಳ್ಳಿ ಕರ್ರಗಾದ್ರ ಇಡೀ ಗಡಗಿ ಕಹಿ.

‘ಈಗಿನ ಮಂದಿಗಿ ಅಷ್ಟು ಹುಳಿ ನಡಿಯಂಗಿಲ್ಲ, ಹೊಟೇಲಿನವರು ಏನ್ ಮಾಡಬೇಕು?’ ಅಂತ ಯಾರರೆ ಕೇಳೇ ಕೇಳ್ತೀರಿ. ಮೊದಲ ಕುದಿ ನೀರು ಅರ್ಧ ಬಸದು ಚೆಲ್ರಿ, ಹುಳಿ ಇಳೀತದ. ಇನ್ನೂ ಬ್ಯಾಡಂದ್ರ ಒಂದು ಮುಟಗಿ ಬ್ಯಾಳಿ ಜಾಸ್ತಿ ಹಾಕ್ರಿ. ಖರ್ಚಾತು ಅನ್ನಬ್ಯಾಡ್ರಿ, 2019ರಾಗ ಜಿಐ ಟ್ಯಾಗ್ (ಊರಿನ ಹೆಸರಿನ ಸರಕಾರಿ ಗುರುತು) ಪಡದ ತೊಗರಿಬ್ಯಾಳಿ ಊರಿದು, ಇಲ್ಲಿ ಕುಂತು ಬ್ಯಾಳಿಗಿ ಜಿಪುಣತನ ಮಾಡಿದ್ರ ಹೆಂಗ? ಆ ಹೊಟೇಲಿನ ತಾಟಿನಾಗ ಒಂದು ಬ್ಯಾಳಿ ಹುಡುಕಲಿಕ್ಕ ಕಂದೀಲು ಬೇಕಿತ್ತು.

ರೊಟ್ಟಿ ಸುದ್ದಿಗಿ ಬಂದ್ರ ಬಿಪಿ ಏರ್ತದ, ಚೂರೇ ಹೇಳ್ತೀನಿ. ಹರದಾಗ ಚಪಾತಿ ಹಂಗ ಜಗ್ಗಿದ್ರ ಅದರಾಗ ಗೋದಿ ಅದ ಅಂತ ತಿಳ್ಕೋರಿ. ಬರೇ ಜೋಳದ್ದು ಜಗ್ಗಂಗಿಲ್ಲ, ಮುರೀತದ. ಜೋಳಕ್ಕ ತಂದೇ ಆದ ಅಂಟಿಲ್ಲ, ಕುದಿಯೂ ಎಸರು ಬಿದ್ದಾಗಷ್ಟೇ ಹಿಟ್ಟಿಗಿ ಜಿಗಿ ಬರ್ತದ. ಉಗುರು ಬೆಚ್ಚಗಿನ ನೀರು ಹಾಕಿ ನಾದಿದ್ರ ಅಂಚು ಒಡೀತದ. ಬೀಸಿ ತಿಂಗಳಾದ ಹಿಟ್ಟೂ ಹಂಗೇ. ಹಂಚಿಗಿ ಹಾಕಿದ ಕೂಡಲೇ ಹಸಿ ಅರಿವಿಯಿಂದ ಮ್ಯಾಲಿನ ಒಣಹಿಟ್ಟಿಗಿ ನೀರು ಸವರಬೇಕು. ತಡ ಆದ್ರ ಬಿರುಕು ಬಿಡ್ತದ, ಬಿರುಕು ಬಿಟ್ಟ ರೊಟ್ಟಿ ಉಬ್ಬಂಗಿಲ್ಲ. ಬಡಿಯವರು ಸಿಗಲ್ಲ ಅನ್ನೂದು ಖರೇ, ಒಪ್ತೀನಿ. ದಿನಾ ನೂರಾರು ರೊಟ್ಟಿ ಬಡದವರ ರಟ್ಟಿ ನೋವು ಬಿಲ್ಲಿನಾಗ ಬರಂಗಿಲ್ಲ. ಹಂಗಿದ್ರ ಒಣಗಿಸಿದ ಕಟಕ ರೊಟ್ಟಿ ತಂದು ಇಡ್ರಿ. ಮರ್ಯಾದಿ ಉಳೀತದ. ಗೋದಿ ಕಲಸಿ ಲಟ್ಟಣಗಿ ಹೊಡದು ‘ಬಿಸಿ ಜೋಳದ ರೊಟ್ಟಿ’ ಅನ್ನೂದು ಯಾತಕ್ಕ?

ಸುಳ್ಳ್ಯಾಕ ಹೇಳ್ಲಿ, ಬೈಕೋಂತ ಬೈಕೋಂತ ಆ ಹಸಿರು ಪಲ್ಯ ಪೂರ್ತಿ ತಿಂದೀನಿ. ಹೊಟ್ಟಿ ಹಸದಿತ್ತು, ರೊಕ್ಕ ಕೊಟ್ಟಿದ್ದೆ. ಬಿಲ್ಲಿನಾಗ ನೋಡಿದ್ರ ಪುಂಡಿಗಿ ತೆಲುಗಿನ ಹೆಸರಿಟ್ಟು ‘ಗೊಂಗೂರ ಮಸಾಲಾ’ ಅಂತ ಬರದಾರ!

ಖಾನಾವಳ್ಯಾಗ ರಾತ್ರಿ ಉಳಿದ ಪಲ್ಯ ಚೆಲ್ಲತಿದ್ದಿಲ್ಲ. ಪುಂಡಿ ಮರುದಿನ ಇನ್ನಷ್ಟು ಹದ ಆಗ್ತದ, ಖಾರ ಹುಳಿ ಎರಡೂ ಬ್ಯಾಳಿಯೊಳಗ ಇಳೀತಾವ. ಗೊತ್ತಿದ್ದವರು ಮುಂಜಾನಿ ಒಂಬತ್ತಕ್ಕ ಬಂದು, ತಾಟಿಗಿ ಕಟಕ ರೊಟ್ಟಿ ಮುರಕೊಂಡು, ಮುಷ್ಟಿಲೆ ಉಳ್ಳಾಗಡ್ಡಿ ಗುದ್ದಿ ಇಟಗೊಂಡು, ಒಳಗ ಇಣುಕಿ ಕೇಳತಿದ್ರು: ‘ಅವ್ವಾ, ನಿನ್ನಿದು ಅದ ಏನ್ರಿ?’