‘ಬರೀ 32 ಡಿಗ್ರಿ ಅಲ್ವಾ ಮಾವ?’

“ಮಾವ, ಮಂಗಳೂರಲ್ಲಿ ಬರೀ 32 ಡಿಗ್ರಿ ಅಂತ ತೋರಿಸ್ತಿದೆ. ನಮ್ಮಲ್ಲೇ 35 ಇದೆ. ಮತ್ಯಾಕೆ ನೀವೆಲ್ಲ ಸೆಕೆ ಸೆಕೆ ಅಂತ ಒದ್ದಾಡ್ತೀರಿ?”

ಬೆಂಗಳೂರಿನಿಂದ ಅಕ್ಕನ ಮಗನ ಫೋನು. ಏಪ್ರಿಲ್ ತಿಂಗಳು. ನಾನು ಆಗಷ್ಟೇ ಸ್ನಾನ ಮುಗಿಸಿ ಬಂದು ಮೈ ಒರೆಸಿಕೊಂಡಿದ್ದೆ. ಒರೆಸಿದ್ದು ನೀರೋ ಬೆವರೋ ಗೊತ್ತಾಗದೆ ಮತ್ತೊಮ್ಮೆ ಒರೆಸುತ್ತಿದ್ದೆ. “ಬಾ, ಬಂದು ನೋಡು” ಎಂದು ಫೋನ್ ಇಟ್ಟೆ.

ಬರುವ ನೆಂಟರೆಲ್ಲ ಕೇಳುವುದು ಇದನ್ನೇ. ಹವಾ ಹೇಗುಂಟು, ಏನು ತರಬೇಕು, ಯಾವಾಗ ಬಂದರೆ ಒಳ್ಳೇದು? ಒಮ್ಮೆ ಸರಿಯಾಗಿ ಬರೆದಿಟ್ಟರೆ ಕೇಳಿದವರಿಗೆಲ್ಲ ಅದನ್ನೇ ಕಳಿಸಿಬಿಡಬಹುದು. ಅದಕ್ಕೇ ಕೂತಿದ್ದೇನೆ.

ಮೊದಲು ಆ 32ರ ವಿಷಯ. ಬೆವರು ಆರಿದರೆ ತಾನೇ ಮೈ ತಣ್ಣಗಾಗುವುದು? ಇಲ್ಲಿನ ಗಾಳಿಗೆ ಮೊದಲೇ ನೀರು ಕುಡಿದು ಹೊಟ್ಟೆ ತುಂಬಿರುತ್ತದೆ. ಅರಬ್ಬೀ ಸಮುದ್ರ ಪಕ್ಕದಲ್ಲೇ ಕೂತು ಹಗಲೂ ರಾತ್ರಿ ಬಡಿಸುತ್ತಿರುವಾಗ ನಿಮ್ಮ ಬೆವರು ಯಾರಿಗೆ ಬೇಕು? ಹೀಟ್ ಇಂಡೆಕ್ಸ್ ಅಂತ ಒಂದು ಲೆಕ್ಕ ಇದೆ. 1979ರಲ್ಲಿ ಸ್ಟೆಡ್‌ಮನ್ ಎಂಬವರು ಮಾಡಿದ ಕೆಲಸದಿಂದ ಹುಟ್ಟಿದ್ದು. ಅದರಂತೆ 32 ಡಿಗ್ರಿಗೆ ಶೇ. 70ರಷ್ಟು ತೇವ ಸೇರಿದರೆ ಮೈಗೆ 40ರ ಹಾಗೆ ಅನ್ನಿಸುತ್ತದೆ. ಆದರೆ ಆ ಲೆಕ್ಕದಲ್ಲಿರುವ ಮನುಷ್ಯ ಉದ್ದ ಪ್ಯಾಂಟು, ಅರ್ಧ ತೋಳಿನ ಅಂಗಿ ಹಾಕಿಕೊಂಡು, ನೆರಳಿನಲ್ಲಿ, ಮೆಲುವಾಗಿ ಬೀಸುವ ಗಾಳಿಯಲ್ಲಿ ನಡೆಯುತ್ತಿರುತ್ತಾನೆ. ಪುಣ್ಯವಂತ! ಮಧ್ಯಾಹ್ನ ಎರಡಕ್ಕೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಸುರತ್ಕಲ್ ಬಸ್ಸಿಗೆ ಕಾಯುವವನ ಲೆಕ್ಕ ಯಾರು ಹಾಕಿದ್ದಾರೆ?

ಪ್ಯಾಂಟು ಎಂದಾಗ ನೆನಪಾಯಿತು. ಏಪ್ರಿಲ್‌ನಲ್ಲಿ ಬಾ ಎಂದರೆ ನಮ್ಮ ಅಳಿಯ ಬಂದದ್ದು ಜುಲೈಯಲ್ಲಿ. ಬೆಂಗಳೂರಿಗೆ ಇಡೀ ವರ್ಷ ಬೀಳುವ ಮಳೆ 1000 ಮಿ.ಮೀ. ಆಸುಪಾಸು. ನಮಗೆ ಜುಲೈ ಒಂದೇ ತಿಂಗಳಲ್ಲಿ ಹೆಚ್ಚುಕಡಿಮೆ ಅಷ್ಟು ಸುರಿಯುತ್ತದೆ. ಮಹಾಶಯ ಬಂದದ್ದು ದಪ್ಪ ಜೀನ್ಸ್ ಹಾಕಿಕೊಂಡು. ಬಂದವನೇ ಸಮುದ್ರ ನೋಡಬೇಕೆಂದು ಪಣಂಬೂರಿಗೆ ಹೋದ. ಕೊಡೆ ಇತ್ತು. ಆದರೆ ಇಲ್ಲಿನ ಮಳೆ ಮೇಲಿನಿಂದ ಮಾತ್ರ ಬೀಳುವುದಿಲ್ಲ, ಪಕ್ಕದಿಂದಲೂ ಬರುತ್ತದೆ. ತಲೆಯೊಂದು ಬಿಟ್ಟು ಮಿಕ್ಕಿದ್ದೆಲ್ಲ ನೆನೆಸಿಕೊಂಡು ವಾಪಸ್ ಬಂದ.

ಒಗೆದ ಜೀನ್ಸನ್ನು ಟೆರೇಸಿನ ಶೀಟಿನ ಅಡಿಗೆ ತಂದ. ಮಳೆಗಾಲದಲ್ಲಿ ಅಲ್ಲಿನ ಹಗ್ಗಕ್ಕೆ ಒಂದು ಕ್ರಮ ಉಂಟು. ಮೊದಲು ಮಕ್ಕಳ ಯೂನಿಫಾರ್ಮು, ಆಮೇಲೆ ಆಫೀಸಿನ ಅಂಗಿ, ಉಳಿದ ಜಾಗದಲ್ಲಿ ಟವೆಲು. “ಇದೆಂಥದು, ಕಂಬಳಿಯಾ?” ಎಂದು ಅಮ್ಮ ಅದನ್ನು ಕೆಳಗೆ ಕಳಿಸಿದರು. ಜೀನ್ಸು ಊಟದ ಕೋಣೆಗೆ ಬಂತು. ಕುರ್ಚಿಯ ಬೆನ್ನಿಗೆ ಹಾಕಿ ಮೇಲೆ ಫ್ಯಾನ್ ತಿರುಗಿಸಿದೆವು. ಕುರ್ಚಿ ಒದ್ದೆಯಾಯಿತು. ರಾತ್ರಿ ಫ್ರಿಜ್ಜಿನ ಹಿಂದೆ ಇಟ್ಟೆವು. ಬೆಳಿಗ್ಗೆ ಫ್ರಿಜ್ ತೆರೆಯಲು ಹೋದವರೆಲ್ಲ ಮೂಗು ಮುಚ್ಚಿಕೊಂಡರು. ಇಸ್ತ್ರಿ ಹಾಕಿದರೆ ಹಬೆ ಎದ್ದು ನನ್ನ ಕನ್ನಡಕ ಮಸುಕಾಯಿತೇ ಹೊರತು ಸೊಂಟದ ಪಟ್ಟಿ ಒಣಗಲಿಲ್ಲ. ಅವನು ಅಷ್ಟೂ ಹೊತ್ತು ನನ್ನ ಪಂಚೆ ಉಟ್ಟುಕೊಂಡು, ಹಿಂದೆ ಮುಂದೆ ಹಿಡಿದುಕೊಂಡು ಮನೆಯಿಡೀ ಓಡಾಡಿದ.

ಕೊನೆಗೆ ಅಮ್ಮನೇ ದಾರಿ ತೋರಿಸಿದರು. ಬಚ್ಚಲ ಹಂಡೆಯ ಒಲೆಯ ಮೇಲೆ ಹಗ್ಗ ಕಟ್ಟಿ ನೇತುಹಾಕಿದ್ದಾಯಿತು. ತೆಂಗಿನ ಸಿಪ್ಪೆ, ಮಡಲು ಹಾಕಿ ಬೆಂಕಿ ಮಾಡಿದರು. ಒಣಗಿತು, ಸುಳ್ಳಲ್ಲ. ಅದನ್ನೇ ಹಾಕಿಕೊಂಡು ಅವನು ರಾತ್ರಿ ಬಸ್ ಹತ್ತಿದ. ದಾರಿಯಲ್ಲಿ ಪಕ್ಕದ ಸೀಟಿನವರು “ಏನೋ ಸುಟ್ಟ ವಾಸನೆ” ಎಂದು ಗಲಾಟೆ ಎಬ್ಬಿಸಿದರಂತೆ. ಡ್ರೈವರ್ ಬಸ್ ನಿಲ್ಲಿಸಿ, ಕಂಡಕ್ಟರ್ ಮಳೆಯಲ್ಲೇ ಇಳಿದು ಟಾರ್ಚ್ ಹಿಡಿದು ಇಂಜಿನ್ ನೋಡಿದನಂತೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಬಸ್ಸು ನಿಲ್ಲುವುದು ನಮಗೆ ಗೊತ್ತು. ಪ್ಯಾಂಟಿನಿಂದಾಗಿ ನಿಂತದ್ದು ಅದೇ ಮೊದಲಿರಬೇಕು.

ಎಲ್ಲಿದ್ದೆ? ಹಾಂ, ಯಾವಾಗ ಬರಬೇಕು ಅಂತ. ಹಿರಿಯರ ಲೆಕ್ಕದಲ್ಲಿ ಪತ್ತನಾಜೆಗೆ, ಅಂದರೆ ತುಳುವಿನ ಬೇಶ ತಿಂಗಳ ಹತ್ತಕ್ಕೆ, ಮಳೆಗಾಲದ ಬಾಗಿಲು ತೆರೆದ ಹಾಗೆ. ಮೇ 24ರ ಹೊತ್ತಿಗೆ ಬರುತ್ತದೆ. ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತಾರೆ, ಭೂತಗಳ ಕೋಲ ನೇಮ ನಿಲ್ಲುತ್ತವೆ. ಹವಾಮಾನ ಇಲಾಖೆಯವರು ಮುಂಗಾರು ಕೇರಳಕ್ಕೆ ಬರುವ ದಿನ ಜೂನ್ 1 ಎನ್ನುತ್ತಾರೆ. ಇಲ್ಲಿಗೆ ಬರಲು ಮತ್ತೆ ಕೆಲವು ದಿನ. ಅಲ್ಲಿಂದ ಸೆಪ್ಟೆಂಬರ್‌ವರೆಗೆ ಬರುವವರಿಗೆ ನನ್ನದೊಂದು ವಿನಂತಿ. ಬಾಲ್ಕನಿಯಲ್ಲಿ ನಿಂತು, ಬಿಸಿ ಗೋಳಿಬಜೆ ತಿನ್ನುತ್ತಾ, ವಿಡಿಯೋ ಮಾಡುತ್ತಾ “ವಾವ್, ನೀವೆಷ್ಟು ಲಕ್ಕಿ” ಎನ್ನಬೇಡಿ. ನಿಮ್ಮ ಒದ್ದೆ ಟವೆಲ್ ಒಣಗಿಸುವವರು ನಾವು. ಗೋಳಿಬಜೆ ಕರಿಯುವವರೂ ನಾವೇ.

ಚಳಿಗಾಲಕ್ಕೆ ಬರ್ತೇವೆ ಅನ್ನುವವರೂ ಇದ್ದಾರೆ. ಬನ್ನಿ. ಆದರೆ ಇಲ್ಲಿ ಜುಲೈ ಮಧ್ಯಾಹ್ನಕ್ಕಿಂತ ಜನವರಿ ಮಧ್ಯಾಹ್ನವೇ ಬಿಸಿ. ಮೋಡ ಮುಚ್ಚಿದ ಜುಲೈಯಲ್ಲಿ 28, 29. ಜನವರಿಯಲ್ಲಿ 32, 33. ತಂಪೆನ್ನುವುದು ಇದ್ದರೆ ಬೆಳಗಿನ ಜಾವ ಮಾತ್ರ. ಆಗ 21ರ ಹತ್ತಿರ ಇಳಿಯುತ್ತದೆ, ಗಾಳಿಯೂ ಒಣಗಿರುತ್ತದೆ. ನಮ್ಮ ಪಕ್ಕದ ಮನೆಯವರು ಮಫ್ಲರ್ ಸುತ್ತಿಕೊಂಡು ಕದ್ರಿ ಪಾರ್ಕಿಗೆ ವಾಕಿಂಗ್ ಹೊರಡುತ್ತಾರೆ. ಎದುರಾದವರಿಗೆಲ್ಲ “ಎಂಥ ಚಳಿ ಮಾರಾಯ್ರೇ!” ಎನ್ನುತ್ತಾರೆ. ಘಟ್ಟದ ಮೇಲಿನವರು ನೋಡಿ ನಗುತ್ತಾರೆ. ನಗಲಿ. ನಾನೂ ಸ್ವೆಟರ್ ಹಾಕುವವನೇ. ಕಪಾಟಿನಿಂದ ಹೊರಗೆ ತೆಗೆದಾಗ ಅದಕ್ಕೆ ಮಳೆಗಾಲದ ಬೂಸ್ಟು ಹಿಡಿದಿರುತ್ತದೆ. ಕೊಡವಿ, ಬಿಸಿಲಿಗೆ ಹಾಕಿ, ವಾಸನೆ ಹೋಯಿತಾ ಎಂದು ಮೂಸಿ ನೋಡುವಷ್ಟರಲ್ಲಿ ಗಂಟೆ ಒಂಬತ್ತಾಗಿ ಚಳಿ ಮುಗಿದಿರುತ್ತದೆ.