ಫಸ್ಟ್ ಕ್ಲಾಸ್ ಆದರೂ ಬ್ಯಾಗ್ ನೀವೇ ತೆಗೆದುಕೊಳ್ಳಬೇಕು

ಮುಂಬೈಯಿಂದ ಅಮೆರಿಕಕ್ಕೆ ಮಕ್ಕಳನ್ನು ನೋಡಲು ಹೊರಡುವ ನಮ್ಮ ಮಾಟುಂಗಾ, ಡೊಂಬಿವಲಿಯ ಹಿರಿಯರ ನಡುವೆ ಒಂದು ವಾಟ್ಸ್ಆ್ಯಪ್ ಸಂದೇಶ ಓಡಾಡುತ್ತಿದೆ: ಅಲ್ಲಿನ ಸಣ್ಣ ಕನೆಕ್ಟಿಂಗ್ ವಿಮಾನಕ್ಕೆ ಫಸ್ಟ್ ಕ್ಲಾಸ್ ತೆಗೆದುಕೊಂಡರೆ ಮಲಗುವ ಸೀಟು, ಲೌಂಜ್ ಸಿಗುತ್ತದೆ, ನಡುವೆ ಬ್ಯಾಗ್ ಮುಟ್ಟಬೇಕಿಲ್ಲವಂತೆ. ಇದು ತಪ್ಪು.

ಬ್ಯಾಗಿನ ಮಾತೇ ಮುಖ್ಯ. ಅಮೆರಿಕದಲ್ಲಿ ಮೊದಲು ಇಳಿಯುವ ನಿಲ್ದಾಣದಲ್ಲೇ ಇಮಿಗ್ರೇಷನ್ ಮುಗಿಸಿ, ಸಾಮಾನ್ಯವಾಗಿ ಬ್ಯಾಗ್ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಬೆಲ್ಟಿಗೆ ಒಪ್ಪಿಸಬೇಕು. ಟ್ಯಾಗಿನಲ್ಲಿ ಕೊನೆಯ ಊರಿನ ಹೆಸರಿದ್ದರೂ ಅಷ್ಟೇ, ಯಾವ ಕ್ಲಾಸಾದರೂ ಅಷ್ಟೇ. (ಅಬುಧಾಬಿಯಲ್ಲೇ ಅಮೆರಿಕದ ತಪಾಸಣೆ ಮುಗಿಸಿ ಹೋಗುವವರ ವಿಷಯ ಬೇರೆ.) ಈ ಸಂದೇಶ ನಂಬಿ ಬ್ಯಾಗ್ ಬಿಟ್ಟು ನಡೆದರೆ ಪರದೇಶದಲ್ಲಿ ಪರದಾಡುವವರು ವಯಸ್ಸಾದವರು. ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ.

ಸಣ್ಣ ಹಾರಾಟಗಳಿಗೆ ಬಳಸುವ ಎಂಬ್ರೇಯರ್ 175 ಎಂಬ ವಿಮಾನದಲ್ಲಿ ಫಸ್ಟ್ ಕ್ಲಾಸ್ ಎಂದರೆ ಸಾಮಾನ್ಯವಾಗಿ 12 ಅಗಲ ಸೀಟುಗಳು. ಹಿಂದಕ್ಕೆ ವಾಲುತ್ತವೆ, ಹಾಸಿಗೆಯಾಗುವುದಿಲ್ಲ. ಬರೀ ಆ ಟಿಕೆಟ್ಟಿಗೆ ಲೌಂಜ್ ಪ್ರವೇಶವೂ ಸಾಮಾನ್ಯವಾಗಿ ಇರುವುದಿಲ್ಲ.

ಮಂಡಿನೋವಿದ್ದವರಿಗೆ ಕಾಲು ಚಾಚಲು ಜಾಗ ಸಿಗುವುದು ನಿಜ. ವೀಲ್‌ಚೇರಿಗೆ ಮಾತ್ರ ಫಸ್ಟ್ ಕ್ಲಾಸ್ ಬೇಕಿಲ್ಲ. ಮೊದಲೇ ಕೇಳಿಕೊಂಡರೆ ಎಕಾನಮಿಯವರಿಗೂ ಉಚಿತ.