ಒಂದು ಮಾತ್ರೆ ಜಾಸ್ತಿ

ಅಣ್ಣ ರಿಟೈರ್ ಆಗುವ ದಿನ ಒಂದು ಪದ್ಯ ಬರೆದು ಓದುತ್ತೇನೆ ಅಂತ ಎಲ್ಲರೆದುರು ಹೇಳಿಬಿಟ್ಟೆ. ಸುಮ್ನೆ ಪದ್ಯ ಅಲ್ಲ, ಭಾಮಿನಿ ಷಟ್ಪದಿ. ಕುಮಾರವ್ಯಾಸ ಅದರಲ್ಲಿ ಭಾರತದ 10 ಪರ್ವ ಹಾಡಿದ್ದಾನೆ. ನನ್ನ ಕೈಲಿ 6 ಸಾಲು ಆಗಲ್ವಾ?

‘ಅಣ್ಣ ಬರುವನು ಮನೆಗೆ ನಗುತಲಿ’ ಅಂತ ಮೊದಲ ಸಾಲು ತಾನಾಗಿಯೇ ಬಂತು. ಸಿಕ್ಕಿಬಿದ್ದಿದ್ದು ಆಮೇಲೆ. ಆದಿಪ್ರಾಸ ಅಂದಮೇಲೆ ಆರೂ ಸಾಲುಗಳ ಎರಡನೇ ಅಕ್ಷರದಲ್ಲಿ ‘ಣ್ಣ’ಕಾರ ಬರಬೇಕು. ಬಣ್ಣ, ಹಣ್ಣು, ಬೆಣ್ಣೆ, ಎಣ್ಣೆ, ಸುಣ್ಣ... ಅಣ್ಣ ರಿಟೈರ್ ಆಗ್ತಿದ್ದಾನೋ ಅಂಗಡಿ ಇಡ್ತಿದ್ದಾನೋ ಗೊತ್ತಾಗದ ಹಾಗಾಯಿತು.

ಇನ್ನು ಮಾತ್ರೆಗಳ ಲೆಕ್ಕ, ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ. ಸಾಲಿಗೆ 3, 4, 3, 4, ಒಟ್ಟು 14 ಮಾತ್ರೆ. ಮೂರನೇ ಮತ್ತು ಆರನೇ ಸಾಲು ಮಾತ್ರ ಉದ್ದ: 3-4 ಮೂರು ಸಲ, ಕೊನೆಗೊಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಒಟ್ಟು 23. ಆ ಉದ್ದದ ಸಾಲುಗಳು ಹೇಗೋ ಕೂತವು. ಕೈಕೊಟ್ಟಿದ್ದು ಎರಡನೇ ಸಾಲು: ‘ಬಣ್ಣ ಬಣ್ಣದ ಸ್ವಪ್ನ ಹೊತ್ತನು’. ಎಷ್ಟು ಸಲ ಪ್ರಸ್ತಾರ ಹಾಕಿ ಮಾತ್ರೆ ಎಣಿಸಿದರೂ 15!

ರಾತ್ರಿ ಹತ್ತಕ್ಕೆ ಕನ್ನಡ ಮೇಷ್ಟ್ರಾಗಿರುವ ಗೆಳೆಯನಿಗೆ ಫೋನ್ ಮಾಡಿದೆ. “ಒಂದು ಮಾತ್ರೆ ಜಾಸ್ತಿ ಆಗಿಬಿಟ್ಟಿದೆ ಕಣೋ, ಏನ್ ಮಾಡ್ಲಿ?”

ಒಳಗಿನಿಂದ ಅಮ್ಮ, “ಯಾವ ಮಾತ್ರೆನೋ? ಬೀಪಿದಾ?”

ನಾನು ಹಾಳೆಯಿಂದ ತಲೆ ಎತ್ತದೆ, “ಅಲ್ಲಮ್ಮ, ಬಣ್ಣ ಬಣ್ಣದ್ದು” ಅಂದೆ.

ಎರಡೇ ನಿಮಿಷದಲ್ಲಿ ಅಮ್ಮ ಉಪ್ಪುನೀರಿನ ಲೋಟ ಹಿಡಿದು ಎದುರು ನಿಂತಿದ್ದಳು. ಜೊತೆಗೆ ಬಕೆಟ್ಟು.

ಗೆಳೆಯ ನಕ್ಕು ಮುಗಿಸಿ ರೋಗ ಹೇಳಿದ. ಒತ್ತು ಇರುವುದು ‘ಸ್ವ’ಗೆ. ಆದರೆ ಗುರು ಆಗುವುದು ಅದರ ಹಿಂದಿನ ‘ದ’. ಪಾಪ, ಒಂದು ಮಾತ್ರೆಯಲ್ಲಿ ತನ್ನ ಪಾಡಿಗಿದ್ದ ಅಕ್ಷರ. ಪಕ್ಕಕ್ಕೆ ಒತ್ತಕ್ಷರ ಬಂದು ಕೂತಿದ್ದೇ ಎರಡು ಮಾತ್ರೆಯ ಭಾರ ಹೊತ್ತಿತು. “ಸ್ವಪ್ನ ಯಾಕೋ ಬೇಕಿತ್ತು ನಿಂಗೆ? ಕನಸು ಸಾಕಾಗಲ್ವಾ?” ಅಂದ. ಕನಸು ಅಂತ ಹಾಕಿದೆ. 14! ನಿಜ ಹೇಳಬೇಕೆಂದರೆ ಮೊದಲು ಬರೆದಿದ್ದೂ ಕನಸು ಅಂತಲೇ. ಸ್ವಲ್ಪ ಗತ್ತಾಗಿರಲಿ ಅಂತ ನಾನೇ ತಿದ್ದಿದ್ದೆ.

ಸಮಾರಂಭದಲ್ಲಿ ಓದಿದೆ. ಚಪ್ಪಾಳೆ ಬಿತ್ತು. ಅಣ್ಣ ಹಾಳೆ ಇಸಕೊಂಡು ನೋಡಿ, “ಚೆನ್ನಾಗಿದೆ ಕಣೋ. ಪ್ರಾಸ ಒಂದು ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು” ಅಂದ.

“ಇದೆ ಅಣ್ಣ, ಸಾಲಿನ ಕೊನೆಯಲ್ಲಲ್ಲ. ಎರಡನೇದು ನೋಡು” ಅಂದೆ.

ಅಣ್ಣ ಕನ್ನಡಕ ಹಾಕಿಕೊಂಡು, ಎರಡನೇ ಸಾಲಿನ ಮೇಲೆ ಬೆರಳಿಟ್ಟು ಹುಡುಕತೊಡಗಿದ.